ಲಾಕ್‌ಕ್ರೂ ಬೆಟ್ಟದ ಕಲ್ಗೋರಿಗಳು

ಕೇಳುಗರಿಗೆ ನಮಸ್ಕಾರ.

ಐರ್ಲೆಂಡಿನ ಮೀತ್ ಕೌಂಟಿಯಲ್ಲಿ, ಓಲ್ಡ್‌ಕ್ಯಾಸಲ್ ಪಟ್ಟಣದ ಬಳಿ, ಲಾಕ್‌ಕ್ರೂ ಎಂಬ ಬೆಟ್ಟಸಾಲಿದೆ. ಅದರ ನೆತ್ತಿಗಳಲ್ಲಿ ಸುಮಾರು 5000 ವರ್ಷಗಳ ಹಿಂದಿನ ಬೇಸಾಯಗಾರರು ಪೇರಿಸಿದ ಕಲ್ಲುಗುಪ್ಪೆಗಳಿವೆ. ಮುದುಕಿಯೊಬ್ಬಳು ಶಿಖರದಿಂದ ಶಿಖರಕ್ಕೆ ಜಿಗಿಯುವಾಗ ಮಡಿಲಿನಿಂದ ಉದುರಿದ ಕಲ್ಲುಗಳಿವು ಎಂದು ಅಲ್ಲಿಯ ಜನರ ಕಥೆ. ಕಥೆ ಸೊಗಸಾಗಿದೆ, ಆದರೆ ದಯವಿಟ್ಟು ನೆನಪಿಡಿ: ಇವು ಉದುರಿದ ಕಲ್ಲುಗಳಲ್ಲ, ಕಟ್ಟಡಗಳು. ಸುತ್ತ ದಪ್ಪ ಅಂಚುಗಲ್ಲುಗಳು, ಒಳಗೆ ನಿಲುಗಲ್ಲುಗಳ ನಡುವೆ ಇಕ್ಕಟ್ಟಾದ ಓಣಿ, ಓಣಿಯ ಕೊನೆಯಲ್ಲಿ ಕೋಣೆ, ಅಲ್ಲಿ ಸುಟ್ಟ ಮನುಷ್ಯರ ಮೂಳೆಗಳು. ಇದೆಲ್ಲದರ ಮೇಲೆ ಕಲ್ಲಿನ ಹೊದಿಕೆ.

1863ರ ಜೂನ್‌ನಲ್ಲಿ ಯೂಜೀನ್ ಕಾನ್‌ವೆಲ್ ಎಂಬ ಶಾಲಾ ಇನ್‌ಸ್ಪೆಕ್ಟರು ಹೆಂಡತಿಯೊಡನೆ ಬುತ್ತಿ ಕಟ್ಟಿಕೊಂಡು ಈ ಬೆಟ್ಟ ಹತ್ತಿದರು. ಊಟಕ್ಕೆಂದು ಹೋದವರ ಕಣ್ಣಿಗೆ ಕೆತ್ತನೆಯ ಕಲ್ಲುಗಳು ಬಿದ್ದವು. ಆಮೇಲೆ ಅವರು ಬೆಟ್ಟವನ್ನು ಬಿಡಲಿಲ್ಲ. ಗುಪ್ಪೆಗಳಿಗೆ ಇಂಗ್ಲಿಷ್ ಅಕ್ಷರಗಳ ಗುರುತು ಕೊಟ್ಟರು, ಜಮೀನ್ದಾರರ ನೆರವು ಪಡೆದು ಅಗೆಸಿದರು. ಸುಮಾರು 35 ಮೀಟರ್ ಅಗಲದ ‘ಟಿ’ ಗುಪ್ಪೆಯ ಮುಂದೆ ನಿಂತಾಗಲಂತೂ ಅವರ ಉತ್ಸಾಹಕ್ಕೆ ಕಡಿವಾಣವೇ ಉಳಿಯಲಿಲ್ಲ. ಪುರಾಣಗಳ ನ್ಯಾಯವಂತ ದೊರೆ ಒಲ್ಲಾವ್ ಫೋಲಾನ ಗೋರಿ ಇದೇ ಎಂದರು; ಅದರ ಬಡಗಣ ಅಂಚಿನ, ಊರವರು ಮುದುಕಿಯ ಕುರ್ಚಿ ಎನ್ನುತ್ತಿದ್ದ ದೈತ್ಯ ಕಲ್ಲನ್ನು ಅವನ ನ್ಯಾಯಪೀಠವೆಂದರು. ದೊರೆಯ ಮಾತು ನಿಲ್ಲುವುದಿಲ್ಲ, ಗೋರಿ ಆ ಕಥೆಗಿಂತ ಎಷ್ಟೋ ಹಳೆಯದು. ಆದರೂ ಕಾನ್‌ವೆಲ್ಲರನ್ನು ಕಂಡು ನಗುವುದು ನನಗೆ ಸೇರದು. ಪ್ರತಿ ಗುಪ್ಪೆಯನ್ನೂ ಯಾರೋ ಯೋಚಿಸಿ ಕಟ್ಟಿದ್ದೆಂದು ನಂಬಿಯೇ ಅವರು ನೋಡಿದರು. ಇಂದು ಗುಪ್ಪೆಯ ನೆತ್ತಿಗೇರಿ ಫೋಟೋ ತೆಗೆಸಿಕೊಳ್ಳುವವರಿಗೆ ತಾವು ಗೋರಿಯ ಚಾವಣಿಯ ಮೇಲಿದ್ದೇವೆಂಬುದು ಹೊಳೆಯುವುದೇ ಇಲ್ಲ.

ಯೋಚಿಸಿ ಕಟ್ಟಿದ್ದು ಎಂಬುದಕ್ಕೆ ಸಾಕ್ಷಿ ಬೇಕೆ? ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಮೂಡುವ ಸೂರ್ಯನ ಬೆಳಕು ‘ಟಿ’ ಗುಪ್ಪೆಯ ಓಣಿಯಲ್ಲಿ ಹಾದು ಹಿಂಬದಿಯ ಕಲ್ಲನ್ನು ಮುಟ್ಟುತ್ತದೆ. ಆ ಕಲ್ಲಿನ ಮೇಲೆ ಎಸಳು ಬಿಡಿಸಿದ ಹೂವಿನಂಥ ಕೆತ್ತನೆಗಳಿವೆ. ಹೊತ್ತು ಏರಿದಂತೆ ಬೆಳಕಿನ ಚೌಕ ಅವುಗಳ ಮೇಲೆ ಓರೆಯಾಗಿ ಜಾರುತ್ತದೆ.

ಸಮಯ ಮುಗಿಯುತ್ತಿರುವುದರಿಂದ ಐರ್ಲೆಂಡಿನದೇ ಸ್ಲೈಗೋ ಕೌಂಟಿಯ ಕ್ಯಾರೋಕೀಲ್ ಬೆಟ್ಟದ ಇಂಥವೇ ಗೋರಿಗಳಿಗೆ ಎರಡೇ ಮಾತು ಉಳಿದಿದೆ. ಅಲ್ಲಿನ ‘ಜಿ’ ಗುಪ್ಪೆಯ ಬಾಗಿಲ ಮೇಲೊಂದು ಕಿಂಡಿಯಿದ್ದು, ಬೇಸಿಗೆಯ ನಡುವಿನ ಮುಳುಗು ಸೂರ್ಯನ ಬೆಳಕು ಅದರ ಮೂಲಕ ಒಳಗಿಳಿಯುತ್ತದೆ. 1911ರಲ್ಲಿ ಅಲ್ಲಿ ಅಗೆದು ತೆಗೆದ ಮೂಳೆಗಳ ಡಿಎನ್‌ಎಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು, ದೂರದ ನ್ಯೂಗ್ರೇಂಜ್ ಗೋರಿಯಲ್ಲಿ ಸಿಕ್ಕ ಒಬ್ಬ ಗಂಡಸಿಗೆ ಕ್ಯಾರೋಕೀಲ್‌ನವರು ದೂರದ ನೆಂಟರೆಂದು ತೋರಿಸಿದೆ.