ಕ್ಯಾಮೆರಾ ಆಮೇಲೆ ತಗೊಳ್ಳಿ, ಮೊದಲು ಹಾರ್ಡ್ ಡಿಸ್ಕ್ ತಗೊಳ್ಳಿ

ನಮಸ್ಕಾರ ಸ್ನೇಹಿತರೇ. ಹೋದ ವಾರ ನನ್ನ ಎಡಿಟಿಂಗ್ ರೂಮ್ ತೋರಿಸಿ ಒಂದು ವಿಡಿಯೋ ಹಾಕಿದ್ದೆ, ನೋಡಿರುತ್ತೀರ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಟೇಬಲ್ ತುಂಬಾ ಹಾರ್ಡ್ ಡಿಸ್ಕ್ ಜೋಡಿಸಿದ್ದೀರ, ಕ್ಯಾಮೆರಾ ನೋಡಿದರೆ ಹಳೇ ಮಾಡೆಲ್. ಆ ದುಡ್ಡಿಗೆ ಹೊಸ ಕ್ಯಾಮೆರಾ ಬಾಡಿ ಬರುತ್ತಿತ್ತಲ್ಲ?" ಅದಕ್ಕೆ ಸಿಕ್ಕಾಪಟ್ಟೆ ಲೈಕ್ ಬೇರೆ ಬಿದ್ದಿದೆ.

ಕ್ಯಾಮೆರಾ ಹಳೇದು ಅಂದಿದ್ದಕ್ಕೆ ಬೇಜಾರಿಲ್ಲ. ಹಳೇದೇ, ಚೆನ್ನಾಗಿ ಕೆಲಸ ಮಾಡುತ್ತಿದೆ. ಬೇಜಾರಾಗಿದ್ದು ಆ ಲೈಕ್‌ಗಳನ್ನು ನೋಡಿ. ಲೈಕ್ ಕೊಟ್ಟವರಲ್ಲಿ ತುಂಬಾ ಜನ ಈಗಷ್ಟೇ ಈ ಕೆಲಸಕ್ಕೆ ಬರುತ್ತಿರುವವರು, ಕಷ್ಟಪಟ್ಟು ಕೂಡಿಟ್ಟ ದುಡ್ಡನ್ನು ಮೊದಲು ಯಾವುದಕ್ಕೆ ಹಾಕಬೇಕು ಅಂತ ಯೋಚಿಸುತ್ತಿರುವವರು. ಅವರಿಗೆ ಯಾರೋ ದಾರಿ ತಪ್ಪಿಸುತ್ತಿದ್ದಾರೆ. ಅದಕ್ಕೇ ಇವತ್ತು ಒಂದೇ ಒಂದು ಮಾತು ಹೇಳಲು ಕೂತಿದ್ದೇನೆ. ನೀವು ಶೂಟ್ ಮಾಡಿದ್ದು ಮೂರು ಕಡೆ ಇರಬೇಕು. ಅದಕ್ಕೆ ವ್ಯವಸ್ಥೆ ಆಗುವ ತನಕ ಹೊಸ ಬಾಡಿ ತಗೋಬೇಡಿ.

ಯೋಚನೆ ಮಾಡಿ ನೋಡಿ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಲೆನ್ಸ್ ಸಿಗುತ್ತದೆ. ಗಿಂಬಲ್, ಲೈಟು, ಟ್ರೈಪಾಡು, ಅದನ್ನು ಹೊರುವ ಅಸಿಸ್ಟೆಂಟು ಎಲ್ಲವೂ ದಿನದ ಲೆಕ್ಕಕ್ಕೆ ಸಿಗುತ್ತದೆ. ನಿನ್ನೆ ಶೂಟ್ ಮಾಡಿದ ಫೂಟೇಜ್ ಬಾಡಿಗೆಗೆ ಸಿಗುತ್ತದಾ? ಕ್ಲೈಂಟ್ ದುಡ್ಡು ಕೊಡುವುದು ಆ ಫೂಟೇಜ್‌ಗೆ. ಬೇರೆ ಏನು ಹೋದರೂ ಶೂಟ್ ನಡೆಯುತ್ತದೆ, ಅದೊಂದು ಹೋದರೆ ಶೂಟ್ ನಡೆದೇ ಇಲ್ಲ ಅಂತ ಲೆಕ್ಕ.

ನನ್ನ ಸ್ನೇಹಿತ ಒಬ್ಬ ಇದ್ದಾನೆ, ಇದೇ ಕೆಲಸದವನು, ನನಗಿಂತ ಒಳ್ಳೇ ಕಣ್ಣು ಇರುವವನು. ವಯಸ್ಸಾದ ಒಬ್ಬ ನೇಕಾರರ ಸಂದರ್ಶನ ಮಾಡಿದ್ದ. ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಹಾಕಿದ, ಕಾರ್ಡ್ ಫಾರ್ಮ್ಯಾಟ್ ಹೊಡೆದ, ಅದೇ ಕಾರ್ಡ್‌ನಲ್ಲಿ ಮಾರನೇ ದಿನ ಬೇರೆ ಶೂಟ್ ಮಾಡಿದ. ಆಮೇಲೆ ಲ್ಯಾಪ್‌ಟಾಪ್ ಡ್ರೈವ್ ಕೈಕೊಟ್ಟಿತು. ಇನ್ನೊಂದು ಸಲ ಮಾಡೋಣ ಅನ್ನುವಷ್ಟರಲ್ಲಿ ಆ ಹಿರಿಯರು ಹೋಗಿಬಿಟ್ಟಿದ್ದರು. ಅವತ್ತು ಅವನ ಕೈಯಲ್ಲಿ ಇದ್ದದ್ದು ಆ ವರ್ಷ ಬಂದ ಹೊಚ್ಚ ಹೊಸ ಬಾಡಿ. ಅವರ ಮಗಳು ಫೋನ್ ಮಾಡಿ, ಅಪ್ಪನ ಧ್ವನಿ ಒಂದು ಚೂರಾದರೂ ಸಿಗುತ್ತದಾ ಅಂತ ಕೇಳಿದಳಂತೆ. ಯಾವ ಕ್ಯಾಮೆರಾದಲ್ಲಿ ತೆಗೆದಿರಿ ಅಂತ ಕೇಳಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ, ಡೇಟಾ ಒಳಗೆ ಹಾಗೇ ಇರುತ್ತದೆ. ಅದರ ಮೇಲೆ ಹೊಸದಾಗಿ ಶೂಟ್ ಮಾಡಿದಾಗ ನಿಜವಾಗಿ ಅಳಿಸಿ ಹೋಗುತ್ತದೆ. ಹಾಗಾಗಿ ತಪ್ಪಿ ಫಾರ್ಮ್ಯಾಟ್ ಆದರೆ ಆ ಕಾರ್ಡ್ ಮುಟ್ಟಬೇಡಿ, ತೆಗೆದು ಪಕ್ಕಕ್ಕಿಡಿ. ರಿಕವರಿ ಸಾಫ್ಟ್‌ವೇರ್‌ನಲ್ಲಿ ಸಿಗುವ ಸಾಧ್ಯತೆ ಇರುತ್ತದೆ.

ಇನ್ನು ಲೆಕ್ಕಕ್ಕೆ ಬನ್ನಿ. 100 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ, 4ಕೆ ಶೂಟ್ ಮಾಡುತ್ತೀರ ಅಂದುಕೊಳ್ಳಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಒಂದೊಂದರಲ್ಲಿ ಆರು ಗಂಟೆ ರೆಕಾರ್ಡಿಂಗ್ ಅಂದರೆ 540 ಜಿಬಿ. ಮೂರು ಕಾಪಿಗೆ 1.6 ಟಿಬಿ. ಒಂದು ದಿನಕ್ಕೆ! ಹೊಸ ಬಾಡಿ ತಗೊಂಡು, 400 ಎಂಬಿಪಿಎಸ್ ಆಲ್-ಇಂಟ್ರಾ (ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಉಳಿಸುವ ರೀತಿ) ಸಿಗುತ್ತದೆ ಅಂತ ಖುಷಿಯಾಗಿ ಅದನ್ನೇ ಆನ್ ಮಾಡಿದಿರೋ, ಗಂಟೆಗೆ 180 ಜಿಬಿ. ಕ್ಯಾಮೆರಾ ದೊಡ್ಡದಾದಷ್ಟೂ ಫೈಲ್ ದೊಡ್ಡದು. ಇಡಲು ಜಾಗ ಇಲ್ಲದವರು ದೊಡ್ಡ ಕ್ಯಾಮೆರಾ ತಗೊಂಡರೆ ಏನಾಗುತ್ತದೆ ಗೊತ್ತಾ? ಮೊದಲ ತಿಂಗಳಲ್ಲೇ ಹಳೇ ಪ್ರಾಜೆಕ್ಟ್ ಡಿಲೀಟ್ ಮಾಡಲು ಶುರು ಮಾಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಸರಿ, ನನ್ನ ಟೇಬಲ್ ಹತ್ತಿರ ಬನ್ನಿ, ಕ್ಯಾಮೆರಾ ಸ್ವಲ್ಪ ತಿರುಗಿಸುತ್ತೇನೆ. ಎಡಗಡೆ ಎರಡು ಟ್ರೇ ಕಾಣುತ್ತಿದೆಯಲ್ಲ, ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ಹಸಿರು. ಶೂಟ್‌ನಿಂದ ಬಂದ ಕಾರ್ಡ್ ಮೊದಲು ಕೆಂಪು ಟ್ರೇಗೆ ಬೀಳುತ್ತದೆ. ಬೀಳುವ ಮೊದಲು ಕಾರ್ಡ್‌ನ ಪಕ್ಕದಲ್ಲಿರುವ ಈ ಪುಟ್ಟ ಲಾಕ್ ಇದೆಯಲ್ಲ, ಅದನ್ನು ಉಗುರಿನಲ್ಲಿ ಕೆಳಗೆ ತಳ್ಳಿರುತ್ತೇನೆ. ಇನ್ನು ಅದರ ಮೇಲೆ ಸಾಮಾನ್ಯವಾಗಿ ಏನೂ ಬರೆಯಲು ಆಗುವುದಿಲ್ಲ. ಆಮೇಲೆ ಎರಡು ಡ್ರೈವ್‌ಗೆ ಕಾಪಿ. ಸುಮ್ನೆ ಎಳೆದು ಹಾಕುವ ಕಾಪಿ ಅಲ್ಲ. ಕಂಪ್ಯೂಟರಿನ ಮಾಮೂಲಿ ಕಾಪಿ, ಬರೆದದ್ದು ಸರಿಯಾಗಿ ಬರೆದಿದೆಯಾ ಅಂತ ಓದಿ ನೋಡುವುದಿಲ್ಲ. ಚೆಕ್‌ಸಮ್ ಅಂದರೆ ಫೈಲ್‌ನ ಬೆರಳಚ್ಚಿನ ಹಾಗಿರುವ ಒಂದು ಸಂಖ್ಯೆ; ಅದನ್ನು ಹಾಕುವ ಸಾಫ್ಟ್‌ವೇರ್ ಎರಡೂ ಕಡೆಯ ಫೈಲ್ ಓದಿ ತಾಳೆ ನೋಡುತ್ತದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಮೀಡಿಯಾ ಪೇಜ್‌ನಲ್ಲಿ ಕ್ಲೋನ್ ಟೂಲ್ ಅಂತ ಇದೆ, ಈ ಕೆಲಸಕ್ಕೇ ಇರುವುದು ಅದು. ಎಷ್ಟೋ ಜನ ವರ್ಷಗಟ್ಟಲೆ ರಿಸಾಲ್ವ್ ಬಳಸಿದರೂ ಅದನ್ನು ತೆರೆದೇ ನೋಡಿರುವುದಿಲ್ಲ. ತಾಳೆ ಆದ ಮೇಲೂ ಮೊದಲ ಕ್ಲಿಪ್, ನಡುವಿನ ಒಂದು, ಕೊನೆಯ ಕ್ಲಿಪ್ ಓಡಿಸಿ ನೋಡುತ್ತೇನೆ. ಆಮೇಲೆ ಕಾರ್ಡ್ ಹಸಿರು ಟ್ರೇಗೆ. ಫಾರ್ಮ್ಯಾಟ್ ಮುಂದಿನ ಶೂಟ್ ದಿನ ಬೆಳಿಗ್ಗೆ, ಕ್ಯಾಮೆರಾದಲ್ಲೇ. ಅಷ್ಟರಲ್ಲಿ ಮೂರನೇ ಕಾಪಿ ಬೇರೆ ಮನೆಗೆ ಹೋಗಿರುತ್ತದೆ. ಟೇಬಲ್ ಮೇಲೆ ಒಂದು, ಕಪಾಟಿನಲ್ಲಿ ಒಂದು, ಇನ್ನೊಂದು ಈ ಛಾವಣಿಯ ಕೆಳಗೇ ಇರಬಾರದು. ಬೆಂಕಿ, ನೀರು, ಕಳ್ಳ ಇವರ್‍ಯಾರೂ ಟೇಬಲ್ ಬಿಟ್ಟು ಕಪಾಟು ಬಿಟ್ಟು ಅಂತ ನೋಡುವುದಿಲ್ಲ.

ಇದಕ್ಕೆ 3-2-1 ಅನ್ನುತ್ತಾರೆ. ಮೂರು ಕಾಪಿ, ಎರಡು ಬೇರೆ ಬೇರೆ ರೀತಿಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಪೀಟರ್ ಕ್ರೋ ಅನ್ನುವ ಫೋಟೋಗ್ರಾಫರ್ ಇದನ್ನು ಎಲ್ಲರಿಗೂ ತಲುಪಿಸಿದ್ದು. ನೋಡಿ, ಇದನ್ನು ಹೇಳಿದ್ದು ಕಂಪ್ಯೂಟರ್ ಅಂಗಡಿಯವರಲ್ಲ, ನಮ್ಮ ಹಾಗೆ ಕ್ಯಾಮೆರಾ ಹಿಡಿಯುವವರು.

ನಾನು ಬಳಸುವ ಫೋಲ್ಡರ್ ಟೆಂಪ್ಲೇಟ್ ಡಿಸ್ಕ್ರಿಪ್ಶನ್‌ನಲ್ಲಿ ಹಾಕಿದ್ದೇನೆ, ದುಡ್ಡು ಏನೂ ಬೇಡ, ಇಳಿಸಿಕೊಳ್ಳಿ. ಹೆಸರು ಕೊಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಕೊಡಿ, ಆಗ ಫೋಲ್ಡರ್‌ಗಳು ತಾವೇ ಸಾಲಾಗಿ ಕೂರುತ್ತವೆ. ಹಾಗೇ ಸಬ್‌ಸ್ಕ್ರೈಬ್ ಮಾಡಿಲ್ಲದವರು ಈಗಲೇ ಮಾಡಿಬಿಡಿ, ಇಂಥ ವಿಷಯ ಮಾತಾಡುವ ಚಾನೆಲ್ ಕಡಿಮೆ.

ಈಗ ಬರುತ್ತವೆ ನೋಡಿ ವಾದಗಳು. "ನನ್ನ ಕ್ಯಾಮೆರಾದಲ್ಲಿ ಎರಡು ಕಾರ್ಡ್ ಸ್ಲಾಟ್ ಇದೆ." ಸಂತೋಷ. ಮೆನು ತೆಗೆದು ನೋಡಿ, ಎರಡರಲ್ಲೂ ಒಟ್ಟಿಗೆ ರೆಕಾರ್ಡ್ ಆಗುವ ಹಾಗೆ ಇಟ್ಟಿದ್ದೀರಾ, ಅಥವಾ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಹಾಗಾ? ಎರಡನೆಯದಾದರೆ ನಿಮ್ಮ ಹತ್ತಿರ ಇರುವುದು ಒಂದೇ ಕಾಪಿ. ಮೊದಲನೆಯದೇ ಆದರೂ ಎರಡೂ ಕಾರ್ಡ್ ಒಂದೇ ಕ್ಯಾಮೆರಾದಲ್ಲಿ, ಆ ಕ್ಯಾಮೆರಾ ಒಂದೇ ಬ್ಯಾಗ್‌ನಲ್ಲಿ. ಬ್ಯಾಗ್ ಕಳೆದರೆ?

"ನಾನು ರೈಡ್ (RAID) ಹಾಕಿದ್ದೇನೆ, ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ ಒಟ್ಟಿಗೆ ಬರೆಯುತ್ತದೆ." ಅಯ್ಯೋ, ಇದನ್ನು ಕೇಳಿದರೆ ಮೈ ಉರಿಯುತ್ತದೆ. ರೈಡ್ ಇರುವುದು ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಿರಲಿ ಅಂತ. ನೀವೇ ತಪ್ಪಿ ಫೋಲ್ಡರ್ ಡಿಲೀಟ್ ಮಾಡಿದರೆ ಅದು ಎರಡೂ ಡಿಸ್ಕ್‌ನಲ್ಲಿ ಅಷ್ಟೇ ನಿಯತ್ತಾಗಿ ಡಿಲೀಟ್ ಮಾಡುತ್ತದೆ. ರೈಡ್ ಬ್ಯಾಕಪ್ ಅಲ್ಲ. ಬರೆದು ಗೋಡೆಗೆ ಅಂಟಿಸಿ.

"ಕ್ಲೌಡ್ ಇದೆಯಲ್ಲ." ಇದೆ, ನಾನೂ ಬಳಸುತ್ತೇನೆ, ಮುಗಿದ ಫಿಲ್ಮ್‌ಗೆ, ಪ್ರಾಜೆಕ್ಟ್ ಫೈಲ್‌ಗೆ. ಆದರೆ ಆಗ ಹೇಳಿದ 540 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸಲು 60 ಗಂಟೆ ಬೇಕು, ಅದೂ ಲೈನ್ ಒಂದು ಸೆಕೆಂಡೂ ಬಿಡದೆ ಓಡಿದರೆ. ಆ 60 ಗಂಟೆ ಫೂಟೇಜ್ ಎಲ್ಲಿರುತ್ತದೆ? ಡಿಸ್ಕ್‌ನಲ್ಲಿ, ಅಲ್ವಾ? ಮತ್ತೆ ಅಲ್ಲಿಗೇ ಬಂದಿರಿ!

"ಎಸ್‌ಎಸ್‌ಡಿ ತಗೊಂಡರೆ ಕೆಡುವುದೇ ಇಲ್ಲ" ಅಂತ ಒಬ್ಬರು. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್. ಎಡಿಟ್ ಮಾಡಲು ಅದರಷ್ಟು ಒಳ್ಳೆಯದು ಇಲ್ಲ, ಬಿದ್ದರೂ ತಡೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಓದುವ ಹೆಡ್ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ಓಡುತ್ತಿರುತ್ತದೆ, ಓಡುತ್ತಿರುವಾಗ ಟೇಬಲ್‌ನಿಂದ ಬಿದ್ದರೆ ಆಸೆ ಬಿಡಿ. ಆದರೆ ಎಸ್‌ಎಸ್‌ಡಿ ಕರೆಂಟ್ ಕಾಣದೆ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಲು ಮಾಡಿದ್ದಲ್ಲ. ಅದರೊಳಗಿನ ಚಾರ್ಜ್ ನಿಧಾನವಾಗಿ ಸೋರುತ್ತದೆ. ಕೆಲಸಕ್ಕೆ ಎಸ್‌ಎಸ್‌ಡಿ, ಕಾಪಾಡಲು ಹಾರ್ಡ್ ಡಿಸ್ಕ್. ಎರಡೂ ಬೇಕು. ಮೂರು ಕಾಪಿ ಬೇಕು.

ದೊಡ್ಡವರಿಗೆ ಇದೆಲ್ಲ ಆಗುವುದಿಲ್ಲ ಅಂದುಕೊಂಡಿದ್ದೀರಾ? 1998ರಲ್ಲಿ ಪಿಕ್ಸಾರ್ ಅನ್ನುವ ಅನಿಮೇಷನ್ ಸ್ಟುಡಿಯೋದಲ್ಲಿ ಟಾಯ್ ಸ್ಟೋರಿ 2 ಚಿತ್ರದ ಕೆಲಸ ನಡೆಯುತ್ತಿದ್ದಾಗ ಯಾರೋ ಕೊಟ್ಟ ಒಂದು ಡಿಲೀಟ್ ಕಮಾಂಡ್‌ಗೆ ಚಿತ್ರದ ಬಹುಪಾಲು ಫೈಲ್‌ಗಳು ಸರ್ವರ್‌ನಿಂದ ಮಾಯವಾದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಉಳಿಸಿದ್ದು ಯಾವುದು? ಗ್ಯಾಲಿನ್ ಸುಸ್‌ಮನ್ ಅನ್ನುವ ಟೆಕ್ನಿಕಲ್ ಡೈರೆಕ್ಟರ್ ಮಗು ಆದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದರು, ಅವರ ಮನೆಯ ಕಂಪ್ಯೂಟರ್‌ನಲ್ಲಿ ಒಂದು ಕಾಪಿ ಇತ್ತು. ಬೇರೆ ಜಾಗದಲ್ಲಿದ್ದ ಕಾಪಿ! ನಾಸಾ ಕಥೆ ಕೇಳಿ. 1969ರಲ್ಲಿ ಅಪೋಲೋ 11 ಚಂದ್ರನ ಮೇಲಿಂದ ಕಳಿಸಿದ ಸಿಗ್ನಲ್ ಟಿವಿಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿತ್ತು, ಅದನ್ನು ಟೇಪ್‌ಗಳಲ್ಲಿ ಇಟ್ಟಿದ್ದರು. ಆ ಟೇಪ್‌ಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಅಂತ 2009ರಲ್ಲಿ ನಾಸಾನೇ ಹೇಳಿತು. ಕೊನೆಗೆ ಟಿವಿಯವರ ಹತ್ತಿರ ಉಳಿದಿದ್ದ ಕಾಪಿಗಳನ್ನು ಹುಡುಕಿ ತಂದು ಅದನ್ನೇ ತಿದ್ದಿ ತೀಡಿದರು. ಚಂದ್ರನ ಮೇಲೆ ಮನುಷ್ಯ ಮೊದಲ ಹೆಜ್ಜೆ ಇಟ್ಟ ಟೇಪ್‌ಗೇ ಹೀಗಾದರೆ, ನಿಮ್ಮ ಒಂದೇ ಒಂದು ಪೋರ್ಟಬಲ್ ಡ್ರೈವ್ ಯಾವ ಲೆಕ್ಕ?

"ಕ್ಲೈಂಟ್‌ಗೆ ಫೈಲ್ ಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಮುಗಿಯಿತಲ್ಲ?" ಹಾಗೆ ಅಂದುಕೊಂಡೇ ಎಷ್ಟೋ ಜನ ಬರುವ ಕೆಲಸ ಬಿಟ್ಟುಕೊಡುತ್ತಾರೆ. ನನ್ನ ಹಳೇ ಕ್ಲೈಂಟ್ ಒಬ್ಬರು ಬಹಳ ಕಾಲದ ಮೇಲೆ ಫೋನ್ ಮಾಡಿ, ಅವತ್ತಿನ ರಾ ಫೂಟೇಜ್, ಅಂದರೆ ಎಡಿಟ್ ಮಾಡದ ಮೂಲ ಫೂಟೇಜ್, ಏನಾದರೂ ಉಳಿದಿದೆಯಾ ಅಂತ ಸಂಕೋಚದಿಂದ ಕೇಳಿದರು. ಅವರು ಲೈನ್‌ನಲ್ಲಿ ಇರುವಾಗಲೇ ಡ್ರೈವ್ ಹಾಕಿ, ಫೋಲ್ಡರ್ ತೆರೆದು, ಇದೆ ಸರ್ ಅಂದೆ. ಹೊಸ ಫಿಲ್ಮ್ ಕೆಲಸ ನನಗೇ ಬಂತು, ಬೇರೆ ಯಾರ ಹತ್ತಿರವೂ ಕೊಟೇಶನ್ ಕೇಳಲಿಲ್ಲ. ಈಗ ನನ್ನ ಕೊಟೇಶನ್‌ನಲ್ಲಿ ಸ್ಟೋರೇಜ್‌ಗೆ ಒಂದು ಸಾಲು ಇರುತ್ತದೆ. ರಾ ಫೂಟೇಜ್ ಎಷ್ಟು ಕಾಲ ಇಡುತ್ತೇನೆ, ಅದಾದ ಮೇಲೂ ಇಡಬೇಕಾದರೆ ಎಷ್ಟು ಅಂತ ಅಗ್ರಿಮೆಂಟ್‌ನಲ್ಲೇ ಬರೆಯುತ್ತೇನೆ. ನೀವೂ ಬರೆಯಿರಿ. ಇದರ ಬಗ್ಗೆ ನನ್ನ ಫ್ರೀಲ್ಯಾನ್ಸ್ ಕೋರ್ಸ್‌ನಲ್ಲಿ ಒಂದು ಪೂರ್ತಿ ಪಾಠ ಇದೆ, ಲಿಂಕ್ ಕೆಳಗಿದೆ, ಅಗ್ರಿಮೆಂಟ್ ನಮೂನೆಯೂ ಜೊತೆಗೇ ಸಿಗುತ್ತದೆ.

ಕೊನೆಯದಾಗಿ, ಎಲ್ಲರೂ ಹೇಳುವ ಮಾತು: "ಇಷ್ಟು ವರ್ಷ ಏನೂ ಆಗಿಲ್ಲ ಬಿಡಿ." ಆಗುವ ತನಕ ಯಾರಿಗೂ ಆಗಿರುವುದಿಲ್ಲ! ಇದೂ ಒಂದು ವಾದನಾ? ಇದಕ್ಕೆ ನಾನು ಉತ್ತರವೇ ಕೊಡುವುದಿಲ್ಲ. ಜನ ನಿಮ್ಮನ್ನು ನಂಬಿ, ಮತ್ತೆ ಬರದ ಒಂದು ದಿನವನ್ನು ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಅದನ್ನು ಒಂದೇ ಡ್ರೈವ್‌ಗೆ ಹಾಕಿ ಹಾಯಾಗಿ ಮಲಗುತ್ತೀರಾ? ನಿದ್ದೆ ಹೇಗೆ ಬರುತ್ತದೆ? ಮೂರು ಕಡೆ ಇಡಿ. ಹೊಸ ಬಾಡಿ ಮುಂದಿನ ವರ್ಷವೂ ಇರುತ್ತದೆ, ಅದರ ಮುಂದಿನ ವರ್ಷ ಅದಕ್ಕಿಂತ ಹೊಸದೂ ಬರುತ್ತದೆ, ಅದೇನು ಓಡಿಹೋಗುವುದಿಲ್ಲ. ಮೂರು ಕಡೆ. ಎರಡೂವರೆ ಅಲ್ಲ, "ಸದ್ಯಕ್ಕೆ ಒಂದು" ಅಲ್ಲ, ಮೂರು ಅಂದರೆ ಮೂರು.

ಆ ಕಾಮೆಂಟ್ ಹಾಕಿದವರಿಗೆ ಹೇಳುತ್ತಿದ್ದೇನೆ, ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಕೆಲಸ ಉಳಿಯಲಿ ಅಂತಲೇ ಇಷ್ಟು ಗಂಟಲು ಹರಿದುಕೊಳ್ಳುತ್ತಿರುವುದು. ಈ ಸಲ ಕಾಮೆಂಟ್‌ನಲ್ಲಿ ಕ್ಯಾಮೆರಾ ಹೆಸರು ಬರೆಯಬೇಡಿ, ನಿಮ್ಮ ಹೋದ ಶೂಟ್‌ನ ಫೂಟೇಜ್ ಈಗ ಎಲ್ಲೆಲ್ಲಿ ಇದೆ ಅಂತ ಬರೆಯಿರಿ. ಮೂರು ಜಾಗದ ಹೆಸರು ಬರೆಯಲು ಆಗದಿದ್ದರೆ ವಿಡಿಯೋ ಇಲ್ಲೇ ನಿಲ್ಲಿಸಿ, ಡ್ರೈವ್ ಹಾಕಿ, ಕಾಪಿ ಶುರು ಮಾಡಿ. ಮುಂದಿನ ವಾರ ಮೈಕ್ ಬಗ್ಗೆ ಮಾತಾಡೋಣ, ಅದರಲ್ಲೂ ನಿಮ್ಮ ಜೊತೆ ಜಗಳ ಇದೆ. ನಮಸ್ಕಾರ.