ಹೊರಬಂದ ಕೊಬ್ಬೆಲ್ಲ ಉರಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಗ್ರೀನ್ ಟೀ ಕೊಬ್ಬು ಕರಗಿಸುತ್ತದೆ ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ಒಳ್ಳೆಯ ಪ್ರಯೋಗವೇ ಇದೆ. ನನಗೆ ತುಂಬಾ ಇಷ್ಟವಾದ ಪ್ರಯೋಗ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1999ರಲ್ಲಿ ಜಿನೀವಾದ ಸಂಶೋಧಕ ಡುಲ್ಲೂ ಮತ್ತು ಸಂಗಡಿಗರು ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಬ್ಬೊಬ್ಬರಾಗಿ ಒಂದು ಪುಟ್ಟ ಕೋಣೆಯಲ್ಲಿ ಇಡೀ ದಿನ ಇರಿಸಿದರು. ಊಟ, ನಿದ್ದೆ ಎಲ್ಲ ಅಲ್ಲೇ. ಎಷ್ಟು ಆಮ್ಲಜನಕ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಅಂತ ಅಳೆಯುತ್ತಿದ್ದರು. ಹೊರಬಂದ ಡೈಆಕ್ಸೈಡನ್ನು ಖರ್ಚಾದ ಆಮ್ಲಜನಕದಿಂದ ಭಾಗಿಸಿ ನೋಡಿದರೆ ಮೈ ಏನನ್ನು ಉರಿಸುತ್ತಿದೆ ಅಂತ ಗೊತ್ತಾಗುತ್ತದೆ: ಬರೀ ಸಕ್ಕರೆ, ಪಿಷ್ಟವಾದರೆ 1, ಬರೀ ಕೊಬ್ಬಾದರೆ 0.7ರ ಹತ್ತಿರ. ಉಸಿರಿನಲ್ಲೇ ಲೆಕ್ಕ ಸಿಗುತ್ತದೆ, ಎಷ್ಟು ಚೆಂದ ಅಲ್ವಾ?

ಗ್ರೀನ್ ಟೀ ಸಾರ ತೆಗೆದುಕೊಂಡ ದಿನ ಶಕ್ತಿಯ ಖರ್ಚು ಸುಮಾರು 4% ಜಾಸ್ತಿಯಾಯಿತು. ಕೊಬ್ಬು ಉರಿಯುವುದೂ ಹೆಚ್ಚಿತು. ಆ ಸಾರದಲ್ಲಿದ್ದಷ್ಟೇ ಕೆಫೀನ್ ಮಾತ್ರ ಕೊಟ್ಟ ದಿನ ಏನೂ ಆಗಲಿಲ್ಲ. ನಾರ್‌ಅಡ್ರಿನಲಿನ್ ಅಂದರೆ ಕೊಬ್ಬು ಬಿಡಿಸಿ ಉರಿಸು ಅಂತ ಮೈಗೆ ಸಂದೇಶ ಕೊಡುವ ರಾಸಾಯನಿಕ. ಟೀಯಲ್ಲಿ ಸಹಜವಾಗಿರುವ ಕ್ಯಾಟೆಚಿನ್ ಅನ್ನೋ ವಸ್ತುಗಳಲ್ಲಿ ಒಂದಾದ ಇಜಿಸಿಜಿ, ಅದನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ, ಕೆಫೀನ್ ಆ ನಾರ್‌ಅಡ್ರಿನಲಿನ್ ಕೊಟ್ಟ ಸಂದೇಶ ಬೇಗ ಆರದಂತೆ ಹಿಡಿದಿಡುತ್ತದೆ; ಎರಡೂ ಸೇರಿ ಕೆಲಸ ಮಾಡಿರಬೇಕು ಅಂತ ಅವರು ಊಹಿಸಿದರು.

ಆದರೆ 4% ಅಂದರೆ ದಿನಕ್ಕೆ ಸುಮಾರು 80 ಕಿಲೋಕ್ಯಾಲರಿ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಇರುತ್ತದೆ. ದಿನವೂ ಹೀಗೇ ನಡೆದರೂ, ಊಟ ಒಂದು ತುತ್ತೂ ಹೆಚ್ಚದಿದ್ದರೂ, ಒಂದು ಕಿಲೋಗೆ ಮೂರು ತಿಂಗಳು ಬೇಕು.

ಇನ್ನು ನಾನು ಎಲ್ಲಿ ಹೋದರೂ ಹೇಳುವ ಮಾತು: ಮೈಯಲ್ಲಿ ಶೇಖರವಾದಲ್ಲಿಂದ ಹೊರಬಂದ ಕೊಬ್ಬೆಲ್ಲ ಉರಿಯುವುದಿಲ್ಲ. 2004ರಲ್ಲಿ ಅಚೆಸನ್ ತಂಡ ಯುವಕರಿಗೆ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ ಕೆಫೀನ್ ಕೊಟ್ಟಿತು. ಕೊಬ್ಬಿನ ಓಡಾಟ, ಅಂದರೆ ಶೇಖರದಿಂದ ಹೊರಬರುವುದು, ಎರಡು ಪಟ್ಟಾಯಿತು. ಆದರೆ ಹೆಚ್ಚಾದ ಆ ಪಾಲಿನಲ್ಲಿ ಉರಿದದ್ದು 24% ಮಾತ್ರ. ಉಳಿದ 76% ಮತ್ತೆ ಕೊಬ್ಬಾಗಿ ಸೇರಿಕೊಂಡಿತು. ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ 'ಕೊಬ್ಬು ಬಿಡಿಸುತ್ತದೆ' ಅಂತ ಬರೆದರೆ ಸುಳ್ಳಲ್ಲ. ಆದರೆ ಮುಕ್ಕಾಲು ಪಾಲು ವಾಪಸ್ ಹೋಯಿತು ಅಂತ ಯಾರೂ ಬರೆಯುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಆ ಪ್ರಮಾಣ ತಾನೇ ಎಷ್ಟು? 70 ಕಿಲೋ ತೂಕದವರಿಗೆ 700 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 400ರವರೆಗೆ ತೊಂದರೆಯಿಲ್ಲ ಎನ್ನುತ್ತದೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ.

ಟೈಮ್ ಆಗ್ತಾ ಬಂತು, ಉಳಿದದ್ದು ಚುಟುಕಾಗಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ಗ್ರೀನ್ ಟೀ ಮೇಲೆ ಕನಿಷ್ಠ ಮೂರು ತಿಂಗಳು ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಜಪಾನ್ ಬಿಟ್ಟು ಬೇರೆ ಕಡೆ ನಡೆದವುಗಳಲ್ಲಿ ತೂಕ ಇಳಿಕೆಯಲ್ಲಿ ಸಿಕ್ಕ ವ್ಯತ್ಯಾಸ ಸರಾಸರಿ 40 ಗ್ರಾಂ. ಇನ್ನು ಗ್ರೀನ್ ಟೀ ಮಾತ್ರೆಗಳು. ಅದೇ ಯುರೋಪಿನ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು: ಪೂರಕಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ತೆಗೆದುಕೊಂಡವರ ರಕ್ತದಲ್ಲಿ, ಲಿವರ್‌ಗೆ ಪೆಟ್ಟು ಬಿದ್ದಾಗ ಏರುವ ಕಿಣ್ವಗಳು ಏರಿದ್ದವು. ಟೀ ರುಚಿಗೆ ಕುಡಿಯಿರಿ. ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಈಗ ನಿಮ್ಮ ಪ್ರಶ್ನೆಗಳು.