ನಿಂತ ಕಟ್ಟಡದ ಲೆಕ್ಕ

ಅಧ್ಯಕ್ಷರೇ, ಕಾಂಟ್ರಾಕ್ಟರ್ ಮಿತ್ರರೇ,

ಸಿಮೆಂಟ್ ಎಷ್ಟಾಯ್ತು, ಕಬ್ಬಿಣ ಎಷ್ಟಾಯ್ತು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೆಳಿಗ್ಗೆ ಹಾಲು ಬರೋ ಮೊದಲೇ ರೇಟು ವಾಟ್ಸಾಪಿಗೆ ಬಂದಿರುತ್ತೆ. ನನ್ನ ತಕರಾರು ಬೇರೆ. ಆರ್ಥಿಕ ಬಿಕ್ಕಟ್ಟು ಬಂದಾಗ ನಾವೆಲ್ಲ ಚದರದ, ಅಂದರೆ ನೂರು ಚದರ ಅಡಿಯ, ರೇಟು ಹಿಡಿದು ಜಗಳ ಆಡ್ತೀವಿ, ಕೆಲಸ ನಡುವೆ ನಿಂತರೆ ಎಷ್ಟು ಖರ್ಚು ಅಂತ ಯಾರೂ ಲೆಕ್ಕ ಹಾಕೋಲ್ಲ.

2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಮೇಲೆ ಕಬ್ಬಿಣ ಅಗ್ಗ ಆಯ್ತು. ಅಗ್ಗ ಆಯ್ತು ಅಂತ ಜನ ಓಡಿಬಂದು ಮನೆ ಕಟ್ಟಿದರಾ? ಬ್ಯಾಂಕಿನವರಿಗೆ ಸಾಲ ಕೊಡೋಕೆ ಭಯ, ಐಟಿ ಹುಡುಗರಿಗೆ ತಗೊಳ್ಳೋಕೆ ಭಯ.

2016ರ ನೋಟು ರದ್ದತಿ ನೆನಪಿದೆಯಲ್ಲ? ಮಂಗಳವಾರ ರಾತ್ರಿ ಘೋಷಣೆ, ಶನಿವಾರ ಬಟವಾಡೆ. ಖಾತೆಯಿಂದ ವಾರಕ್ಕೆ 20,000 ಮಾತ್ರ ತೆಗೀಬಹುದು. ನಮ್ಮ ಸೈಟಲ್ಲಿ ಎರಡನೇ ಮೋಲ್ಡಿಗೆ, ಅಂದರೆ ಕಾಂಕ್ರೀಟ್ ತಾರಸಿಗೆ, ಸೆಂಟ್ರಿಂಗ್ ಶೀಟು ಹೊದಿಸಿ ಮುಗಿದಿತ್ತು, ಕಂಬಿ ಕಟ್ಟೋದು ಅರ್ಧ ಆಗಿತ್ತು. ಹಳೇ ಐನೂರರ ನೋಟು ಕೊಡೋಕೆ ಹೋದರೆ ಮೇಸ್ತ್ರಿ ಕೈ ಚಾಚಲೇ ಇಲ್ಲ. ‘ಸರ್, ಇದನ್ನ ಬದಲಾಯಿಸೋಕೆ ಕ್ಯೂ ನಿಂತರೆ ಹುಡುಗರಿಗೆ ಒಂದು ದಿನದ ಕೂಲಿ ಹೋಗುತ್ತೆ. ಅದನ್ನೂ ನೀವೇ ಕೊಡ್ತೀರಾ?’ ಅಂದ. ಕೊಡ್ತೀನಿ ಅಂದೆ. ‘ಯಾವ ನೋಟಲ್ಲಿ?’ ಅಂದ!

ನಗ್ತೀರಿ, ನಗಿ. ಸೋಮವಾರ ಅವರೆಲ್ಲ ಯಾದಗಿರಿ ಬಸ್ ಹತ್ತಿದರು. ಸೆಂಟ್ರಿಂಗ್ ಶೀಟಿಗೆ, ಅದನ್ನ ಹೊತ್ತು ನಿಲ್ಲೋ ಜಾಕಿಗೆ ದಿನದ ಬಾಡಿಗೆ ಓಡ್ತಾನೇ ಇತ್ತು. ಗೋಡೆಗೆ ಒರಗಿಸಿಟ್ಟ ಸಿಮೆಂಟ್ ಚೀಲ ತೇವ ಹಿಡಿದು ಗಟ್ಟಿಯಾಯ್ತು. ಕಂಬಿ ತುಕ್ಕು ಹಿಡೀತು. ಮತ್ತೆ ಶುರು ಮಾಡಿದಾಗ ಮೊದಲ ಕೆಲಸ ತಂತಿ ಬ್ರಷ್ಷಲ್ಲಿ ಆ ತುಕ್ಕು ಉಜ್ಜೋದು. ಮನೆ ಕಟ್ಟಿಸ್ತಿದ್ದೋರಿಗೆ ಅತ್ತ ಬ್ಯಾಂಕಿನ ಬಡ್ಡಿ, ಇತ್ತ ಮನೆ ಬಾಡಿಗೆ. ಇದು ಯಾವ ಎಸ್ಟಿಮೇಟಲ್ಲಿದೆ ಹೇಳಿ?

ಕೊರೊನಾದಲ್ಲೂ ಇದೇ ಕತೆ. 2020ರ ಮೇ ತಿಂಗಳಲ್ಲಿ, ಬಿಲ್ಡರ್‌ಗಳ ಜೊತೆ ಸಭೆ ನಡೆದ ದಿನವೇ ನಮ್ಮ ಸರ್ಕಾರ ಕೂಲಿಯವರನ್ನ ಊರಿಗೆ ಕರೆದೊಯ್ಯೋ ಶ್ರಮಿಕ ರೈಲು ಬೇಡ ಅಂದಿತು. ಎಲ್ಲರೂ ಉಗಿದ ಮೇಲೆ ಬೇಕು ಅಂದಿತು. ಕೂಲಿಯವನು ಊರಿಗೆ ಹೋದರೆ ಕಟ್ಟಡ ನಿಲ್ಲುತ್ತೆ ಅಂತ ಆಗ ಗೊತ್ತಾಯ್ತು. ಅವನಿಗೆ ಅಕ್ಕಿ, ಕೂಲಿ ಕೊಟ್ಟು ಉಳಿಸ್ಕೋಬೇಕು ಅಂತ ಹೊಳೆಯಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ನನ್ನ ಚೀಟಿಯಲ್ಲಿ ಇನ್ನೂ ಬಹಳ ಇದೆ. 2022ರಲ್ಲಿ ಉಕ್ಕಿನ ರಫ್ತಿಗೆ ಹಾಕಿದ ಶೇ 15 ಸುಂಕವನ್ನ ಆರೇ ತಿಂಗಳಲ್ಲಿ ತೆಗೆದದ್ದು, ಸಿಮೆಂಟಿನ ಜಿಎಸ್‌ಟಿ 2025ರಲ್ಲಿ 28ರಿಂದ 18ಕ್ಕೆ ಇಳಿದದ್ದು. ಬಿಡಿ, ಪೇಪರಲ್ಲಿ ಓದಿದ್ದೀರಿ. 2019ರಲ್ಲಿ ಕೇಂದ್ರ 25,000 ಕೋಟಿಯ ನಿಧಿ ಪ್ರಕಟಿಸಿತಲ್ಲ, ಅದು ಯಾತಕ್ಕೆ? ನಿಂತುಹೋದ ವಸತಿ ಯೋಜನೆ ಮುಗಿಸೋಕೆ. ನಾನು ಹೇಳ್ತಿರೋದೂ ಅದೇ!

ಎರಡೇ ಮಾತು. ಮೋಲ್ಡ್ ಮುಗಿಯೋವರೆಗಿನ ದುಡ್ಡು ಕೈಲಿಲ್ಲದೆ ಪಾಯ ತೋಡಬೇಡಿ ಅಂತ ಮನೆ ಕಟ್ಟಿಸೋರಿಗೆ ಹೇಳಿ. ಆಮೇಲೆ, ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಾರ್ಮಿಕರ ಹೆಸರಲ್ಲೇ ವಸೂಲಾಗುತ್ತೆ. ಬಿಕ್ಕಟ್ಟಲ್ಲಿ ಅದು ಅವರ ಕೈಸೇರಬೇಕಾದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಬೇಕು. ನಿಮ್ಮ ಸೈಟಿನ ಎಲ್ಲರಿಗೂ ಕಾರ್ಡು ಮಾಡಿಸಿರೋರು ಕೈ ಎತ್ತಿ ನೋಡೋಣ.

ಇಷ್ಟೇನಾ? ಹಿಂದಿನ ಸಾಲಿನವರು?